ಅಪಸ್ಮಾರ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸೂಚಕಗಳು

ಮಿದುಳಿನ ಕೋಶಗಳಿಗೆ ಪೆಟ್ಟಾದಾಗ ಅವುಗಳಿಂದ ಸೋರಿ ರಕ್ತಕ್ಕೆ ಸೇರುವ ಕೆಲವು ಪ್ರೋಟೀನುಗಳಿಗೆ ಮಿದುಳಿನ ಹಾನಿಯ ರಕ್ತಸೂಚಕ ಅಥವಾ ಬಯೋಮಾರ್ಕರ್ ಎಂದು ಹೆಸರು. ಅಪಸ್ಮಾರಕ್ಕೆ, ಅಂದರೆ ಜನ ಫಿಟ್ಸ್ ಎನ್ನುವ ಕಾಯಿಲೆಗೆ, ಶಸ್ತ್ರಚಿಕಿತ್ಸೆ ಮಾಡಿದಾಗ ಮಿದುಳಿಗೆ ಎಷ್ಟು ಹಾನಿಯಾಯಿತು ಎಂದು ಅಳೆಯಲು ಇವು ಒದಗುತ್ತವೆ.

ಅಪಸ್ಮಾರದ ಶಸ್ತ್ರಚಿಕಿತ್ಸೆ ಹಳೆಯದು. ಬಾಲ್ಯದಲ್ಲಿ ಗಾಡಿಯ ಅಪಘಾತಕ್ಕೆ ಸಿಕ್ಕಿ ತಲೆಬುರುಡೆ ಒಡೆದುಕೊಂಡಿದ್ದ 22 ವರ್ಷದ ಯುವಕನ ಮಿದುಳಿನಿಂದ ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಗಾಯದ ಕಲೆಯನ್ನು ತೆಗೆದದ್ದು 1886ರ ಮೇ 25ರಂದು, ಲಂಡನ್ನಿನಲ್ಲಿ. ರಕ್ತಸೂಚಕಗಳ ಕಥೆ ಶುರುವಾಗಲು ಮತ್ತೆ ಸುಮಾರು ಎಂಬತ್ತು ವರ್ಷ ಬೇಕಾಯಿತು. 1965ರಲ್ಲಿ ವಿಜ್ಞಾನಿ ಬ್ಲೇಕ್ ಮೂರ್ ದನದ ಮಿದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಪರ್ಯಾಪ್ತ ದ್ರಾವಣದಲ್ಲೂ ಅದು ಕರಗಿಯೇ ಇತ್ತು. ಎಸ್-100 ಎಂಬ ಹೆಸರು ಬಂದದ್ದು ಹಾಗೆ. ನರಕೋಶದ ಎನೊಲೇಸ್ (ಎನ್‌ಎಸ್‌ಇ), ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳ ಜಿಎಫ್‌ಎಪಿ ಬೆನ್ನಿಗೇ ಗೊತ್ತಾದವು.

ಮೊದಲ ಸೂಚಕಗಳನ್ನು ಪೂರ್ತಿ ನಂಬುವಂತಿರಲಿಲ್ಲ. ಎಸ್-100ರ ಒಂದು ಬಗೆಯಾದ ಎಸ್-100ಬಿ ಕೊಬ್ಬಿನಿಂದಲೂ ಬರುತ್ತದೆ. ಎನ್‌ಎಸ್‌ಇ ಕೆಂಪು ರಕ್ತಕಣದಲ್ಲೂ ಇದೆ. ರಕ್ತ ತೆಗೆಯುವಾಗ ಕಣಗಳು ಒಡೆದು ಸೀರಮ್ಮು ಸ್ವಲ್ಪ ಕೆಂಪಾದರೂ ಲೆಕ್ಕ ತಪ್ಪುತ್ತದೆ. 2010ರಲ್ಲಿ ಒಂದೊಂದೇ ಅಣುವನ್ನು ಎಣಿಸಬಲ್ಲ ಸಿಮೋವಾ ವಿಧಾನ ಪ್ರಕಟವಾದ ಮೇಲೆ, ನರತಂತುವಿನ ಒಳಹಂದರವಾದ ನ್ಯೂರೊಫಿಲಮೆಂಟ್ ಲೈಟ್ (ಎನ್‌ಎಫ್‌ಎಲ್) ಪ್ರೋಟೀನನ್ನು ಬೆನ್ನುಹುರಿಯ ನೀರು ತೆಗೆಯದೆ, ತೋಳಿನ ರಕ್ತದಲ್ಲೇ ಅಳೆಯುವಂತಾಯಿತು.

ಈ ಸೂಚಕಗಳ ಅಧ್ಯಯನಕ್ಕೆ ಶಸ್ತ್ರಚಿಕಿತ್ಸೆಗೆ ಒಳಗಾಗುವ ಅಪಸ್ಮಾರದ ರೋಗಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಹಿಂದಿನ ದಿನದ ರಕ್ತ ಯಾರ ಬಳಿಯೂ ಇರುವುದಿಲ್ಲ. ಇಲ್ಲಿ ಹಾಗಲ್ಲ: ಕತ್ತರಿಸುವ ದಿನ, ಜಾಗ, ಅಳತೆ ಎಲ್ಲವೂ ಮೊದಲೇ ಗೊತ್ತು, ಹಿಂದಿನ ದಿನದ ರಕ್ತವೂ ಕೈಯಲ್ಲಿರುತ್ತದೆ. ಪೆಟ್ಟಾದ ಮೇಲೆ ಎಸ್-100ಬಿ ಬೇಗ ಏರಿ ಬೇಗ ಇಳಿಯುತ್ತದೆ, ಜಿಎಫ್‌ಎಪಿ ಸುಮಾರು ಒಂದು ದಿನದಲ್ಲಿ ತುದಿ ಮುಟ್ಟುತ್ತದೆ, ಎನ್‌ಎಫ್‌ಎಲ್ ನಿಧಾನವಾಗಿ ಏರಿ ವಾರಗಟ್ಟಲೆ ಉಳಿಯುತ್ತದೆ. ಆದರೆ ಸೆಳವು (ಫಿಟ್ಸ್) ಮಿದುಳಿನ ಯಾವ ಮೂಲೆಯಿಂದ ಹುಟ್ಟುತ್ತದೆ ಎಂದು ಇವುಗಳಲ್ಲಿ ಒಂದೂ ಹೇಳಲಾರದು. ಅದನ್ನು ಹುಡುಕಲು ಇಂದಿಗೂ ಇಇಜಿ, ಎಂಆರ್‌ಐಗಳಂಥ ಪರೀಕ್ಷೆಗಳೇ ಗತಿ.

ಹಾನಿಯನ್ನು ಅಳೆಯುವ ಅಗತ್ಯ ಎಷ್ಟೆಂದು ದೆಹಲಿಯ ಏಮ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಔಷಧಿಗೆ ಬಗ್ಗದ ಅಪಸ್ಮಾರವಿದ್ದ 116 ಮಕ್ಕಳಲ್ಲಿ, ಶಸ್ತ್ರಚಿಕಿತ್ಸೆ ಪಡೆದ ಗುಂಪಿನ 77% ಮಕ್ಕಳು ಒಂದು ವರ್ಷದ ನಂತರ ಸೆಳವಿನಿಂದ ಮುಕ್ತರಾಗಿದ್ದರು. ಬರೀ ಔಷಧಿ ಪಡೆದವರಲ್ಲಿ 7% ಮಾತ್ರ. ಆದರೆ ಶಸ್ತ್ರಚಿಕಿತ್ಸೆಯ ಗುಂಪಿನ 33% ಮಕ್ಕಳಿಗೆ ಗಂಭೀರ ತೊಂದರೆಗಳೂ ಆದವು. ತೊಂದರೆಯಾದವರಲ್ಲಿ ಹೆಚ್ಚಿನವರಿಗೆ ಮೈಯ ಒಂದು ಬದಿಯ ಬಲ ಕುಂದಿತು.

ಸರಿಯಾದ ಎರಡು ಔಷಧಿಗಳನ್ನು ತಪ್ಪದೆ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಅಂಥವರು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರದಲ್ಲಿ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಬೇಕು. ರಕ್ತಸೂಚಕಗಳ ಪರೀಕ್ಷೆ ಬರಲೆಂದು ಕಾಯಬೇಕಿಲ್ಲ.