ಜುಮುಕಿ ದಾಸವಾಳ: ಪ್ರಭೇದದ ಗುರುತು ಮತ್ತು ಆರೈಕೆಯ ಕ್ರಮ

ನಮ್ಮ ಮನೆಯಂಗಳಗಳಿಗೆ ಜುಮುಕಿ ದಾಸವಾಳ ಹೊಸದೇನಲ್ಲ. ಆದರೆ ಇದನ್ನು ಬೆಳೆಸುವವರಲ್ಲಿ ಬಹಳ ಮಂದಿ ಕೆಂಪು ದಾಸವಾಳದ್ದೇ ಒಂದು ಚಂದದ ತಳಿ ಎಂದುಕೊಂಡು, ಅದಕ್ಕೆ ಮಾಡುವ ಆರೈಕೆಯನ್ನೇ ಇದಕ್ಕೂ ಮಾಡುತ್ತಾರೆ. ಗಿಡ ಸೊಂಪಾಗಿದ್ದರೂ ಹೂವಿಲ್ಲ, ಮೊಗ್ಗು ಕಟ್ಟಿದರೂ ನಿಲ್ಲುವುದಿಲ್ಲ ಎಂಬ ದೂರು ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ. ಹಿಬಿಸ್ಕಸ್ ಸ್ಕೈಜೊಪೆಟಾಲಸ್ ಎಂಬ ಈ ಗಿಡ ಬೇರೆಯೇ ಪ್ರಭೇದ. ಅದರ ತವರಿನ ಮಳೆ, ನೆರಳು ಮತ್ತು ಅದರ ಕೊಂಬೆಗಳ ಸ್ವಭಾವ ನೋಡಿಯೇ ಆರೈಕೆಯನ್ನು ಗೊತ್ತುಮಾಡಬೇಕು ಎಂಬುದು ಈ ಲೇಖನದ ವಾದ.

ಈ ಗೊಂದಲಕ್ಕೆ ಹಳೆಯ ಬೇರಿದೆ. ಜಾಂಜಿಬಾರ್‌ನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ವೈದ್ಯ ಜಾನ್ ಕಿರ್ಕ್ ಪೂರ್ವ ಆಫ್ರಿಕದ ಕರಾವಳಿಯಲ್ಲಿ ಕಂಡ ಈ ಗಿಡವನ್ನು ಸಸ್ಯವಿಜ್ಞಾನಿಗಳ ಗಮನಕ್ಕೆ ತಂದರು. 1879ರಲ್ಲಿ ಥಿಸೆಲ್ಟನ್-ಡೈಯರ್ ಅದನ್ನು ಕೆಂಪು ದಾಸವಾಳದ, ಅಂದರೆ ಹಿಬಿಸ್ಕಸ್ ರೋಸಾ-ಸೈನೆನ್ಸಿಸ್‌ನ ಒಂದು ಭೇದವೆಂದೇ ವರ್ಣಿಸಿದರು. ಮರುವರ್ಷ ಜೋಸೆಫ್ ಹೂಕರ್ ಅದಕ್ಕೆ ಸ್ವತಂತ್ರ ಪ್ರಭೇದದ ಸ್ಥಾನ ಕೊಟ್ಟರು. ಸಸ್ಯಶಾಸ್ತ್ರದಲ್ಲಿ ಒಂದೇ ವರ್ಷದಲ್ಲಿ ಇತ್ಯರ್ಥವಾದದ್ದು ತೋಟಗಾರಿಕೆಯಲ್ಲಿ ಇನ್ನೂ ಆಗಿಲ್ಲ.

ಸೀಳುಸೀಳಾಗಿ ಹಿಂದಕ್ಕೆ ಮಡಚಿದ ದಳಗಳೇ ಎಲ್ಲರ ಕಣ್ಣಿಗೆ ಬೀಳುತ್ತವೆ. ಗುರುತಿಗೆ ಅದಷ್ಟೇ ಸಾಲದು. ಕೆಂಪು ದಾಸವಾಳದೊಡನೆ ಇದನ್ನು ಕೂಡಿಸಿ ಪಡೆದ ಮಿಶ್ರತಳಿಗಳಲ್ಲೂ ದಳದ ಅಂಚು ಅರೆಬರೆ ಸೀಳಿರುತ್ತದೆ. ನರ್ಸರಿಗಳಲ್ಲಿ ಅಂಥವೂ ಇದೇ ಹೆಸರಿನಲ್ಲಿ ಸಿಗುವುದುಂಟು. ಹೂವನ್ನು ಹಿಂದಿನಿಂದ ನೋಡುವುದು ಒಳ್ಳೆಯದು. ಅಪ್ಪಟ ಪ್ರಭೇದದಲ್ಲಿ ಪುಷ್ಪಪಾತ್ರೆಯ ಬುಡದ ಕಿರುಎಸಳುಗಳು ಒಂದೆರಡು ಮಿಲಿಮೀಟರ್‌ಗಿಂತ ಉದ್ದವಿರುವುದಿಲ್ಲ, ಬೆರಳಾಡಿಸಿದರೆ ಹುರುಕಿನಂತೆ ತಾಗುತ್ತವೆ ಅಷ್ಟೆ. ಕೆಂಪು ದಾಸವಾಳದಲ್ಲಿ ಅವು ಸೆಂಟಿಮೀಟರಿನಷ್ಟು ಉದ್ದ, ಎದ್ದು ಕಾಣುತ್ತವೆ. ಜುಮುಕಿ ದಾಸವಾಳದ ಪುಷ್ಪಪಾತ್ರೆ ಕೊಳವೆಯಾಕಾರದ್ದು, ಐದು ಸಮ ಹಾಲೆಗಳಾಗದೆ ಎರಡು ಮೂರು ಕಡೆ ಅಡ್ಡಾದಿಡ್ಡಿ ಬಿರಿದಿರುತ್ತದೆ. ಕೇಸರದಂಡ 9–10 ಸೆಂ.ಮೀ. ಉದ್ದ. ಇಡೀ ಹೂವನ್ನು ತೂಗುಹಾಕುವ ತೊಟ್ಟು 8ರಿಂದ 14 ಸೆಂ.ಮೀ. ಇದ್ದು, ನಡುಮಧ್ಯದಲ್ಲಿ ಅದಕ್ಕೊಂದು ಗೆಣ್ಣು ಇರುತ್ತದೆ.

ಆರೈಕೆಯ ದೃಷ್ಟಿಯಿಂದ ಈ ಗೆಣ್ಣೇ ಮುಖ್ಯ. ಗಿಡ ಮೊಗ್ಗನ್ನು ಕೈಬಿಡುವುದು ಅಲ್ಲೇ. ಉದುರಿದ ಮೊಗ್ಗನ್ನು ಎತ್ತಿ ನೋಡಿದರೆ ಅರ್ಧ ತೊಟ್ಟು ಅದರ ಜೊತೆಗೇ ಬಂದಿರುತ್ತದೆ, ತುದಿ ಕತ್ತರಿಸಿದಷ್ಟು ನಯವಾಗಿರುತ್ತದೆ; ಉಳಿದರ್ಧ ಸ್ವಲ್ಪ ಕಾಲ ಕೊಂಬೆಯಲ್ಲೇ ನಿಂತು ಒಣಗುತ್ತದೆ. ಹೀಗಿದ್ದರೆ ಔಷಧಿ ಸಿಂಪಡಿಸುವ ಮೊದಲು ನೀರು, ಬೆಳಕುಗಳ ಕಡೆ ನೋಡಬೇಕು. ಬೆಳಕು ತೀರಾ ಕಡಿಮೆಯಾದಾಗ, ಎಥಿಲೀನ್ ಅನಿಲ ತಗುಲಿದಾಗ ಮೊಗ್ಗು ಉದುರುತ್ತದೆಂಬುದು ಕೆಂಪು ದಾಸವಾಳದ ಮೇಲಿನ ಪ್ರಯೋಗಗಳಿಂದ ಸಿದ್ಧವಾಗಿದೆ. ಕುಂಡವನ್ನು ಹೊರಗಿನಿಂದ ಒಮ್ಮೆಗೇ ಹಜಾರದ ಮೂಲೆಗೆ ತಂದಿಟ್ಟವರ ಅನುಭವವೂ ಇದೇ.

ಇನ್ನು ನೀರಿನ ಮಾತು. ಇದರ ತವರು ಕೆನ್ಯಾ, ತಾಂಜಾನಿಯಾಗಳ ಕರಾವಳಿಯ ಕಾಡು. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮೊಂಬಾಸಾದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,000 ಮಿ.ಮೀ. ಮಾತ್ರ, ಆದರೆ ಅದು ಎರಡು ಕಂತಿನಲ್ಲಿ ಹಂಚಿಹೋಗಿದೆ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ ಬಹುತೇಕ ನಾಲ್ಕೇ ತಿಂಗಳಲ್ಲಿ ಸುರಿದು, ಆಮೇಲೆ ಉದ್ದನೆಯ ಬೇಸಗೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಈ ಗಿಡಕ್ಕೆ ಎರಡು ತದ್ವಿರುದ್ಧ ಉಪಚಾರ ಬೇಕು: ಆಷಾಢದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಏರುಮಡಿ, ಜನವರಿಯಿಂದಾಚೆ ತರಗೆಲೆಯ ದಪ್ಪ ಹೊದಿಕೆ. ಬೆಂಗಳೂರಿನ ಕಡೆ ಸಮಸ್ಯೆ ಬೇರೆ. ಸುಣ್ಣದಂಶದ ಬೋರ್‌ವೆಲ್ ನೀರನ್ನೇ ವರ್ಷವಿಡೀ ಹಾಕಿದರೆ ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕುವುದಿಲ್ಲ. ಹೂ ಬರಲೆಂದು ಎಲುಬಿನ ಪುಡಿ, ಡಿಎಪಿ ಸುರಿಯುವ ಅಭ್ಯಾಸ ಇದನ್ನು ಇನ್ನಷ್ಟು ಕೆಡಿಸುತ್ತದೆ, ಏಕೆಂದರೆ ಅತಿಯಾದ ರಂಜಕ ಕಬ್ಬಿಣ, ಸತುಗಳ ಹೀರುವಿಕೆಗೆ ಅಡ್ಡಬರುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆ ಸ್ವಲ್ಪ ಪೊಟ್ಯಾಷ್ ಸಾಕು.

ಸವರುವುದರಲ್ಲಿ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚು. ಕೆಂಪು ದಾಸವಾಳವನ್ನು ಬೇಲಿಯಾಗಿ ಸಮ ಕತ್ತರಿಸಿದರೂ ಅದು ಹೂ ಕೊಡುತ್ತದೆ. ಜುಮುಕಿ ದಾಸವಾಳದ ಕೊಂಬೆಗಳು ತೆಳ್ಳಗೆ, ಉದ್ದಕ್ಕೆ ಚಾಚಿ ಬಾಗುವಂಥವು. ಹೂವು ಬರುವುದು ಹೊಸ ಚಿಗುರಿನ ಎಲೆಗಂಕುಳಲ್ಲಿ. ಕತ್ತರಿ ಪದೇ ಪದೇ ತುದಿಗಳ ಮೇಲೆ ಆಡಿದಾಗ ಹೂ ಬಿಡಬೇಕಾದ ಚಿಗುರೇ ಕಸದ ಬುಟ್ಟಿಗೆ ಹೋಗುತ್ತದೆ. ಮುದಿ ಕೊಂಬೆಗಳನ್ನು ಆರಿಸಿ ಬುಡದಿಂದ ತೆಗೆದು, ಉಳಿದವನ್ನು ಬಾಗಲು ಬಿಡುವುದೇ ಸರಿ. ನೇತಾಡುವ ಹೂವಿಗೆ ಕೆಳಗೆ ಜಾಗವೂ ಬೇಕಷ್ಟೆ.

ಸಂತಾನಾಭಿವೃದ್ಧಿ ಸುಲಭ. ಇಲ್ಲಿ ಕಾಯಿ ಕಟ್ಟುವುದು ಅಪರೂಪವಾದ್ದರಿಂದ ಅರೆಬಲಿತ ಕಡ್ಡಿಯನ್ನೇ ಮಳೆಗಾಲದ ಶುರುವಿನಲ್ಲಿ ಊರುತ್ತಾರೆ.

ಕೀಟಗಳ ಪೈಕಿ ಗುಲಾಬಿ ಹಿಟ್ಟು ತಿಗಣೆಯ ಮೇಲೆ ಮಾತ್ರ ನಿಗಾ ಇರಲಿ. ರಾಮನಗರ, ಕೋಲಾರದ ರೇಷ್ಮೆ ಬೆಳೆಗಾರರಿಗೆ ಹಿಪ್ಪುನೇರಳೆಯ ತುದಿ ಮುರುಟಿಸುವ ತುಕ್ರಾ ಎಂದು ಪರಿಚಿತವಾದ ತೊಂದರೆಗೂ ಇದೇ ಕಾರಣ, ದಾಸವಾಳದ ಚಿಗುರನ್ನೂ ಅದು ಹಾಗೆಯೇ ಮುರುಟಿಸುತ್ತದೆ. ಮುರುಟಿದ ತುದಿಯನ್ನು ಚಿವುಟಿ ಸುಡಬೇಕು, ಬುಡದಿಂದ ಹತ್ತುವ ಇರುವೆಯನ್ನು ತಡೆಯಬೇಕು. ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ಬಂದದ್ದು; ಹಿಪ್ಪುನೇರಳೆ ತೋಟಗಳಿಗೆ ಈಗಲೂ ಅದನ್ನು ಬಿಡುತ್ತಾರೆ. ಅದರ ಮರಿಹುಳುವಿಗೂ ಮೈತುಂಬ ಬಿಳಿ ಮೇಣದ ಎಳೆಗಳಿರುವುದರಿಂದ ತಿಗಣೆಯೆಂದೇ ತಿಳಿದು ಹೊಸಕುವವರು ಹೆಚ್ಚು. ಕಡ್ಡಿಯ ತುದಿಯಿಂದ ಮುಟ್ಟಿದರೆ ಮರಿಹುಳು ಚುರುಕಾಗಿ ಸರಿದುಹೋಗುತ್ತದೆ. ಬಲಿತ ತಿಗಣೆ ಕೂತ ಜಾಗ ಬಿಟ್ಟು ಕದಲುವುದೇ ಅಪರೂಪ.