ಬೀಸುವ ಕಲ್ಲು, ಹುಟ್ಟುತೂಕ ಮತ್ತು ಮೂರು ತಲೆಮಾರಿನ ಮೈಕಟ್ಟು: ಹಳೇ ಮೈಸೂರು ಸೀಮೆಯ ನೆಲೆಯಿಂದ

ಬೊಜ್ಜಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಹಿಂದಿನವರು ಮುದ್ದೆ ಉಂಡು ಗಟ್ಟಿಮುಟ್ಟಾಗಿದ್ದರು, ಈಗಿನವರು ಕೂತು ತಿಂದು ದಪ್ಪಗಾದರು. ತೂಕ, ಕೊಬ್ಬು, ಕಸುವು ಎಂಬ ಮೂರು ಬೇರೆ ಸಂಗತಿಗಳು ಈ ಮಾತಿನಲ್ಲಿ ಕಲಸಿಹೋಗಿವೆ. ತೂಕ ಏರಿರುವುದೇನೋ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಕರ್ನಾಟಕದ ಮಹಿಳೆಯರ ಪೈಕಿ ಸುಮಾರು ಶೇ. 23 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜಿತ್ತು. ಐದನೆಯ ಸುತ್ತಿನ (2019–21) ಹೊತ್ತಿಗೆ ಅದು ಶೇ. 30ಕ್ಕೆ ಮುಟ್ಟಿತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಹಿಂದಿನವರ ತೆಳ್ಳನೆಯ ಮೈಯನ್ನು ಆರೋಗ್ಯದ ಅಳತೆಗೋಲಾಗಿ ಹಿಡಿಯಲು ನಾನು ಸಿದ್ಧನಿಲ್ಲ. ಆ ತೆಳುವಿನಲ್ಲಿ ದುಡಿಮೆಯ ಪಾಲೆಷ್ಟೋ ಅರೆಹೊಟ್ಟೆಯ ಪಾಲೂ ಅಷ್ಟೇ ಇತ್ತು. ಆ ತಲೆಮಾರಿನ ಕಸುವಿನ ಬೆಲೆಯಲ್ಲಿ ಒಂದು ಭಾಗವನ್ನು ಅವರ ಮಕ್ಕಳು ತೆತ್ತರು ಎಂಬುದು ಈ ಲೇಖನದ ವಾದ.

ಮೊದಲು ಅಳತೆಯ ವಿಚಾರ. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ದೇಹತೂಕ ಸೂಚ್ಯಂಕ ಕೊಬ್ಬನ್ನೂ ಮಾಂಸಖಂಡವನ್ನೂ ಬೇರ್ಪಡಿಸುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿ ಇದನ್ನು ತೋರಿಸಿದರು. ಇಬ್ಬರ ಸೂಚ್ಯಂಕವೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇ. 9.1, ಯಾಜ್ನಿಕರಿಗೆ ಶೇ. 21.2. ಭಾರತೀಯರಿಗೆ 25ರ ಬದಲು 23ರಿಂದಲೇ ಅಧಿಕ ತೂಕವೆಂದು ಎಣಿಸಬೇಕೆಂದು ಇಲ್ಲಿನ ತಜ್ಞರು ಹೇಳುವುದು ಇದರಿಂದಲೇ. ಮೇಲೆ ಕೊಟ್ಟ ಸಮೀಕ್ಷೆಯ ಅಂಕಿಗಳು 25ರ ಗೆರೆಯವು. ಗೆರೆ ಇಳಿಸಿದರೆ ಅವು ಇನ್ನೂ ಮೇಲೇರುತ್ತವೆ.

ತೆಳ್ಳಗೆ ಕಾಣುವ ಮೈಯೊಳಗೆ ಇಷ್ಟು ಕೊಬ್ಬು ಸೇರಿದ್ದು ಹೇಗೆ? ಈ ಪ್ರಶ್ನೆಗೆ ಮೈಸೂರಿನಷ್ಟು ಒಳ್ಳೆಯ ಆಕರ ಬೇರೆಡೆ ಸಿಗುವುದು ಕಷ್ಟ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಹೆರಿಗೆಯಲ್ಲೂ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುವ ರೂಢಿಯಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ಇನ್ನೂ ಊರಲ್ಲೇ ಇದ್ದವರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ದಾಟಿದವರಲ್ಲಿ ಅದು ಶೇ. 3 ಮಾತ್ರ. ಆದರೆ ಸಕ್ಕರೆ ಕಾಯಿಲೆ ಈ ಸರಳ ಸೂತ್ರಕ್ಕೆ ಬಗ್ಗಲಿಲ್ಲ. ಎರಡು ವರ್ಷದ ನಂತರದ ವರದಿಯಲ್ಲಿ, ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಅದರಲ್ಲೂ ತೂಕದ ತಾಯಂದಿರ ಮಕ್ಕಳಲ್ಲಿ, ಅದು ಹೆಚ್ಚಾಗಿ ಕಂಡಿತು. ಹಗುರವಾಗಿ ಹುಟ್ಟಿದವರಿಗೇ ಈ ಕಾಯಿಲೆ ಹೆಚ್ಚೆಂಬ ಇಂಗ್ಲೆಂಡಿನ ಅನುಭವಕ್ಕೆ ಇದು ತಾಳೆಯಾಗಲಿಲ್ಲ. 1997–98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಇಲ್ಲಿನ ಕೂಸುಗಳು ಬ್ರಿಟಿಷ್ ಕೂಸುಗಳಿಗಿಂತ ಚಿಕ್ಕವು, ಹಗುರ. ಆದರೂ ಹೆಗಲ ಮೂಳೆಯ ಕೆಳಗಿನ ಚರ್ಮವನ್ನು ಚಿಮಟಿ ಅಳೆದರೆ ಕೊಬ್ಬು ಸರಿಸಮ. ತಾಯಿಗೆ ಬಸುರಿನಲ್ಲಿ ಮಧುಮೇಹವಿದ್ದರೆ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಮೇಲೇರಿದ್ದವು. ಆ ವಯಸ್ಸಿನ ಮಗುವಿನ ‘ಜೀವನಶೈಲಿ’ಯನ್ನು ದೂರುವುದು ಹೇಗೆ?

ಇನ್ನು ದುಡಿಮೆ. ರಾಗಿ ಸೀಮೆಯ ಹೆಂಗಸರ ದಿನ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಶುರುವಾಗುತ್ತಿತ್ತು. ಒಂದು ಕಾಲು ಚಾಚಿ, ಇನ್ನೊಂದು ಮಡಚಿ ಕೂತು, ಬಲಗೈಯಲ್ಲಿ ಗೂಟ ಹಿಡಿದು ತಿರುಗಿಸುತ್ತ, ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿ ರಾಗಿ ಹಾಕಬೇಕು. ಕಲ್ಲು ದೊಡ್ಡದಾದರೆ ಎದುರುಬದುರು ಇಬ್ಬರು. ಹೆಗಲು, ಬೆನ್ನು, ಸೊಂಟ ಒಟ್ಟಿಗೆ ತಿರುಗದೆ ಕಲ್ಲು ತಿರುಗುವುದಿಲ್ಲ. ಅದು ಮುಗಿದ ಮೇಲೆ ಬಾವಿಯಿಂದ ನೀರು ಸೇದುವುದು, ಒರಳು ಒನಕೆ, ಸೌದೆ ಹೊರೆ, ಹೊಲದ ಕಳೆ. ಬೀಸುವ ಪದಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು ಹಾಡಿಗೆ ಕೊಟ್ಟ ಗಮನವನ್ನು ತೋಳಿಗೆ ಕೊಡಲಿಲ್ಲ. ಅದು ಅವರ ಕೆಲಸವಾಗಿರಲಿಲ್ಲ, ಒಪ್ಪೋಣ.

ಬಸುರಿಯಾದಳೆಂದು ಈ ದುಡಿಮೆ ನಿಲ್ಲುತ್ತಿರಲಿಲ್ಲ. ಪುಣೆ ಸುತ್ತಿನ ಹಳ್ಳಿಗಳಲ್ಲಿ ನಡೆದ ತಾಯಂದಿರ ಪೋಷಣೆಯ ಅಧ್ಯಯನದಲ್ಲಿ, ಹೆಚ್ಚು ದುಡಿದ ಬಸುರಿಯರ ಮಕ್ಕಳು ಹುಟ್ಟುವಾಗ ಹಗುರವಾಗಿದ್ದುದು ಕಂಡುಬಂದಿದೆ. ಇದನ್ನು ಮೈಸೂರಿನ ಹೃದ್ರೋಗದ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಅಜ್ಜಿಯ ತೋಳನ್ನು ಗಟ್ಟಿ ಮಾಡಿದ ದುಡಿಮೆ, ಉಣ್ಣುವುದು ಸಾಲದೇ ಹೋದಾಗ, ಅವಳ ಮಗನ ಹುಟ್ಟುತೂಕವನ್ನು ಇಳಿಸಿರಬಹುದು. ಆ ಮಗ ನಲವತ್ತರ ಹೊತ್ತಿಗೆ ಪೇಟೆ ಸೇರಿ ಕುರ್ಚಿಯಲ್ಲಿ ಕೂತಾಗ, ಕೊರತೆಗೆ ಒಗ್ಗಿದ ಮೈಗೆ ಸಮೃದ್ಧಿ ಭಾರವಾಯಿತು. ಎರಡು ಊರುಗಳ ಅಧ್ಯಯನಗಳನ್ನು ಹೀಗೆ ಹೆಣೆಯುವುದು ಊಹೆಯೇ ಹೊರತು ಸಾಬೀತಾದ ಸರಪಳಿಯಲ್ಲ. ಆದರೂ ‘ಹಿಂದಿನವರ ಹಾಗೆ ದುಡಿಯಿರಿ’ ಎಂಬ ಉಪದೇಶಕ್ಕಿಂತ ಇದು ಪುರಾವೆಗೆ ಹತ್ತಿರ.

ಹಿಟ್ಟಿನ ಗಿರಣಿ, ಮನೆಮುಂದಿನ ನಲ್ಲಿ, ಗ್ಯಾಸ್, ಮಿಕ್ಸಿ: ಇವು ಬಂದದ್ದು ಹೆಂಗಸರಿಗೆ ಬಿಡುಗಡೆಯಾಗಿ. ಅವನ್ನು ಬೊಜ್ಜಿನ ಪಟ್ಟಿಯಲ್ಲಿ ಆರೋಪಿಗಳಂತೆ ನಿಲ್ಲಿಸುವವರು ಒಂದು ವಾರ ರಾಗಿ ಬೀಸಿ ನೋಡಲಿ. ತೊಡಕು ಬೇರೆ ಕಡೆಯಿದೆ. ಹೋದ ದುಡಿಮೆಯ ಜಾಗಕ್ಕೆ ಬರಬೇಕಾಗಿದ್ದ ಆಟ, ವ್ಯಾಯಾಮ ಬರಲಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಮಟ್ಟಿಯ ಮೇಲೆ ಸಾಮು ಮಾಡುವ ಪರಂಪರೆ ಇತ್ತು, ಇದೆ; ಅದು ಗಂಡಸರದು. ಕೆಲಸವಲ್ಲದ ಕಾರಣಕ್ಕೆ ಮೈ ದಂಡಿಸುವ ರೂಢಿ ಹೆಂಗಸರಿಗೆ ದಕ್ಕಲೇ ಇಲ್ಲ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 54.4 ಮಂದಿ ನಿಷ್ಕ್ರಿಯರೆನಿಸಿದರು. ಬಿಡುವಿನಲ್ಲಿ ಆಟ ಅಥವಾ ವ್ಯಾಯಾಮ ಮಾಡುವವರು ಶೇ. 10ಕ್ಕೂ ಕಡಿಮೆ. ಹೆಂಗಸರು ಗಂಡಸರಿಗಿಂತ ಹೆಚ್ಚು ನಿಷ್ಕ್ರಿಯರು.

ಆಹಾರದ ಬಗ್ಗೆ ಬರೆದವರು ಬಹಳ ಮಂದಿ, ಹಾಗಾಗಿ ಇಲ್ಲಿ ಒಂದೇ ಮಾತು. ಕನ್ನಂಬಾಡಿ ನಾಲೆ ಬಂದು ಮಂಡ್ಯದ ಹೊಲ ಗದ್ದೆಯಾದಾಗ ತಟ್ಟೆಯಲ್ಲಿ ಅನ್ನ ಹೆಚ್ಚಿತು. ಆದರೆ ಮುದ್ದೆಯೂ ಪಿಷ್ಟವೇ. ನೇಗಿಲ ಹಿಂದೆ ನಡೆದವನ ಎರಡು ಮುದ್ದೆಯನ್ನು ಬೈಕಿನಲ್ಲಿ ಓಡಾಡುವ ಮೊಮ್ಮಗ ಉಂಡರೆ ಅದು ಸೊಂಟಕ್ಕೇ ಸೇರುತ್ತದೆ, ರಾಗಿಗೆ ಎಷ್ಟೇ ಬಿರುದು ಕೊಟ್ಟರೂ.

ಮೂರನೆಯ ತಲೆಮಾರಿನ ಚಿತ್ರ ಇನ್ನೂ ಗೋಜಲು. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಮ್ಮನಿಗೆ ಬೊಜ್ಜು, ಮಗು ಕುಳ್ಳು. ಒಂದೇ ಸೂರಿನಡಿ ಎರಡೂ ಇರಬಲ್ಲವು. ಬರೀ ತೂಕ ನೋಡುವ ಕ್ರಮಕ್ಕೆ ಈ ಜೋಡಿ ಕಾಣುವುದಿಲ್ಲ. ಮನೆಯೊಂದರ ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ಕೂರಿಸಿ ಸೊಂಟದ ಸುತ್ತಳತೆ, ಕೈಹಿಡಿತದ ಬಲ, ಮೆಟ್ಟಿಲು ಹತ್ತಿದ ಮೇಲಿನ ನಾಡಿಬಡಿತ ಅಳೆಯಬೇಕು. ಹುಟ್ಟುತೂಕಕ್ಕೆ ಮೊಮ್ಮಗಳ ತಾಯಿ ಕಾರ್ಡ್ ಇದೆ, ಮಗಳು ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅಲ್ಲಿನ ಹೆರಿಗೆ ದಾಖಲೆ ಸಿಕ್ಕೀತು. ಅಜ್ಜಿಯದಕ್ಕೆ ಯಾವ ಕಾಗದವೂ ಸಿಗಲಾರದು. ಯಾವ ವಯಸ್ಸಿನವರೆಗೆ ಕಲ್ಲು ಬೀಸಿದಳು, ಎಷ್ಟನೆಯ ತಿಂಗಳವರೆಗೆ ನೀರು ಹೊತ್ತಳು ಎಂದು ಅವಳನ್ನೇ ಕೇಳಿ ಬರೆದುಕೊಳ್ಳಬೇಕು.