ದಂಡಿನ ಸಂಬಳ, ಗವರ್ನರನ ಲೆಕ್ಕ: ಫೆರಾಂಟೆ ಗೊಂಜಾಗನ ಮೂವತ್ತು ವರ್ಷ (1527–1557)

1554ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ತನ್ನ ಮಿಲಾನ್ ಗವರ್ನರ್ ಫೆರಾಂಟೆ ಗೊಂಜಾಗನನ್ನು ಬ್ರಸೆಲ್ಸ್‌ಗೆ ಕರೆಸಿಕೊಂಡ. ಈತ ಹದಿನಾರನೆಯ ವಯಸ್ಸಿನಿಂದ ಚಕ್ರವರ್ತಿಯ ಊಳಿಗದಲ್ಲಿದ್ದವನು. ಸಿಸಿಲಿಯನ್ನು ಹನ್ನೊಂದು ವರ್ಷ, ಮಿಲಾನನ್ನು ಎಂಟು ವರ್ಷ ನೋಡಿಕೊಂಡವನು. ಆಡಳಿತದಲ್ಲಿ ಅಕ್ರಮ ನಡೆಸಿದ, ಬೊಕ್ಕಸದ ಹಣ ದುರುಪಯೋಗ ಮಾಡಿದ ಎಂಬುದು ಅವನ ಮೇಲಿದ್ದ ದೂರು. ವಿಚಾರಣೆ ನಡೆದು 1555ರಲ್ಲಿ ಅವನು ಆರೋಪಮುಕ್ತನಾದ. ಆದರೆ ಮಿಲಾನ್ ಮತ್ತೆ ಅವನ ಕೈಗೆ ಬರಲಿಲ್ಲ.

ಈ ಪ್ರಕರಣದ ಬಗ್ಗೆ ಮೊದಲು ಮಾತಾಡಿದವರು ಮನೆಯ ಕಡೆಯವರು. ಕಾರ್ಯದರ್ಶಿಯಾಗಿದ್ದ ಜೂಲಿಯಾನೊ ಗೊಸೆಲಿನಿ 1574ರಲ್ಲಿ ಒಡೆಯನ ಜೀವನಚರಿತ್ರೆಯನ್ನು ಮಿಲಾನಿನಲ್ಲಿ ಪ್ರಕಟಿಸಿದ. ಅದಕ್ಕೂ ಮುಂಚೆ ಮಗ ಚೆಸಾರೆ, ಶಿಲ್ಪಿ ಲಿಯೊನೆ ಲಿಯೊನಿಯ ಕೈಯಲ್ಲಿ ತಂದೆಯ ಕಂಚಿನ ಪ್ರತಿಮೆ ಮಾಡಿಸಿದ್ದ. 1594ರಲ್ಲಿ ಗ್ವಸ್ತಾಲ್ಲಾ ಪಟ್ಟಣದ ಚೌಕದಲ್ಲಿ ನಿಲ್ಲಿಸಿದ ಆ ಪ್ರತಿಮೆ ಇಂದಿಗೂ ಅಲ್ಲಿದೆ. ಪ್ರಾಚೀನ ರೋಮನ್ ಸೇನಾನಿಯ ಕವಚ ತೊಟ್ಟ ಫೆರಾಂಟೆಯ ಕಾಲಡಿಯಲ್ಲಿ ಮೇಕೆಗಾಲಿನ ಸ್ಯಾಟಿರ್ ಬಿದ್ದಿದ್ದಾನೆ, ಪಕ್ಕದಲ್ಲಿ ಹಲವು ಹೆಡೆಯ ಹೈಡ್ರಾ ಮಡಿದಿದೆ. ಅಸೂಯೆಯನ್ನು ಮೆಟ್ಟಿ ನಿಂತ ವೀರ ಎಂಬುದು ಅದರ ಆಶಯ. ಗೆದ್ದ ಶತ್ರುವಾಗಿ ತುರ್ಕಿಯವನನ್ನೋ ಫ್ರೆಂಚನನ್ನೋ ತೋರಿಸದೆ ಅಸೂಯೆಯನ್ನೇ ತೋರಿಸಿದ್ದರಲ್ಲಿ, ಆ ವಿಚಾರಣೆ ಮನೆತನವನ್ನು ಎಷ್ಟು ಆಳವಾಗಿ ನೋಯಿಸಿತ್ತೆಂಬುದು ಗೊತ್ತಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇತಿಹಾಸಕಾರ ಫೆಡೆರಿಕೊ ಚಾಬೋದ್ ಅವರು ಪತ್ರಾಗಾರದ ದಾಖಲೆಗಳನ್ನು ಹಿಡಿದು, ಚಾರ್ಲ್ಸನ ಕಾಲದ ಮಿಲಾನಿನಲ್ಲಿ ಅಧಿಕಾರಿಗಳ ಸಂಬಳ, ಕಾಣಿಕೆ, ಲಂಚಗಳು ಒಂದರೊಳಗೊಂದು ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ಬಿಡಿಸಿ ತೋರಿಸಿದರು. ಅವರ ಕೆಲಸ ಬಂದ ಮೇಲೆ ಫೆರಾಂಟೆ ಕಳ್ಳನೋ ಸಾಚಾ ಮನುಷ್ಯನೋ ಎಂಬ ಪ್ರಶ್ನೆಯೊಂದನ್ನೇ ಕೇಳುತ್ತ ಕೂರುವುದು ಸಾಧ್ಯವಿಲ್ಲ. ಪ್ರಸ್ತುತ ಲೇಖನ ಇನ್ನೂ ಒಂದು ಹೆಜ್ಜೆ ಮುಂದಿಡಲು ಯತ್ನಿಸುತ್ತದೆ. ಫೆರಾಂಟೆಯ ದಂಡನಾಯಕತ್ವವನ್ನೂ ಆಡಳಿತವನ್ನೂ ಎರಡು ಅಧ್ಯಾಯಗಳಾಗಿ ಓದುವುದು ರೂಢಿ. ನನ್ನ ವಾದವೆಂದರೆ ಅವೆರಡೂ ಒಂದೇ ಕೆಲಸ: ಚಕ್ರವರ್ತಿಯ ದಂಡಿಗೆ ಸಂಬಳ ಹೊಂದಿಸುವುದು. ಅವನ ಏಳಿಗೆಯೂ ಪತನವೂ ಈ ಒಂದು ಕೆಲಸದಿಂದಲೇ ಬಂದವು.

ಫೆರಾಂಟೆ ಹುಟ್ಟಿದ್ದು 1507ರ ಜನವರಿಯಲ್ಲಿ, ಮಾಂಟುವಾದಲ್ಲಿ. ತಂದೆ ಮಾರ್ಕ್ವಿಸ್ ಫ್ರಾಂಚೆಸ್ಕೊ ಗೊಂಜಾಗ, ತಾಯಿ ಇಸಾಬೆಲ್ಲಾ ದೆಸ್ತೆ. ಹಿರಿಯ ಮಗ ಫೆಡೆರಿಕೊನಿಗೆ ಗಾದಿ, ಎರಡನೆಯ ಮಗ ಎರ್ಕೊಲೆಗೆ ಚರ್ಚು. ಮೂರನೆಯವನ ಪಾಲಿಗೆ ಉಳಿದದ್ದು ಕತ್ತಿ. 1523ರಲ್ಲಿ ಅವನನ್ನು ಸ್ಪೇನಿಗೆ, ಚಾರ್ಲ್ಸನ ಆಸ್ಥಾನಕ್ಕೆ ಕಳಿಸಿದರು. ಇಟಲಿಯ ಸಣ್ಣ ರಾಜ್ಯವೊಂದು ಮಗನೊಬ್ಬನನ್ನು ದೊಡ್ಡ ದೊರೆಯ ಬಳಿ ಇರಿಸುವುದು ಆ ಕಾಲದ ವಿವೇಕ. ಅದು ಫಲ ಕೊಟ್ಟದ್ದು ನಾಲ್ಕೇ ವರ್ಷದಲ್ಲಿ, ಯಾರೂ ಬಯಸದ ರೀತಿಯಲ್ಲಿ.

1527ರ ಮೇ 6ರಂದು ಚಕ್ರವರ್ತಿಯ ದಂಡು ರೋಮಿನ ಗೋಡೆ ಹತ್ತಿತು. ಜರ್ಮನ್ ಕಾಲಾಳುಗಳು, ಸ್ಪೇನಿನವರು, ಇಟಾಲಿಯನ್ನರು ಕೂಡಿದ್ದ ಆ ದಂಡಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಸೇನಾಪತಿ ಬೂರ್ಬೊನ್ ಡ್ಯೂಕ್ ಮೊದಲ ದಾಳಿಯಲ್ಲೇ ಸತ್ತ ಮೇಲೆ ಹಿಡಿತವೇ ಉಳಿಯಲಿಲ್ಲ, ನಗರ ಸೂರೆಹೋಯಿತು. ಇಪ್ಪತ್ತು ವರ್ಷದ ಫೆರಾಂಟೆ ಆ ದಂಡಿನಲ್ಲಿ ಕುದುರೆ ಪಡೆಯ ನಾಯಕ. ಅವನ ತಾಯಿ ಅದೇ ನಗರದೊಳಗಿದ್ದಳು. ಮಗ ಎರ್ಕೊಲೆಗೆ ಕಾರ್ಡಿನಲ್ ಪದವಿ ದೊರಕಿಸಲು ಬಂದಿದ್ದ ಇಸಾಬೆಲ್ಲಾ ಕೊಲೊನ್ನಾ ಮನೆತನದ ಅರಮನೆಯಲ್ಲಿ ಬಾಗಿಲು ಭದ್ರಪಡಿಸಿಕೊಂಡು, ಓಡಿಬಂದ ಸಾವಿರಾರು ಜನರನ್ನು ಒಳಗೆ ಸೇರಿಸಿಕೊಂಡಿದ್ದಳು. ರಕ್ಷಣೆಯ ವೆಚ್ಚಕ್ಕೆ ಹಣವಿಲ್ಲದೆ ಪೋಪ್ ಏಳನೆಯ ಕ್ಲೆಮೆಂಟ್ ಮೇ 3ರಂದು ಹೊಸ ಕಾರ್ಡಿನಲ್‌ಗಳನ್ನು ಮಾಡಿದ್ದ, ಎರ್ಕೊಲೆ ಅವರಲ್ಲೊಬ್ಬ. ಒಬ್ಬ ಮಗನ ಪದವಿಯಿಂದ ಗೋಡೆ ಕಾಯಲು ಹಣ ಎತ್ತಬೇಕಾಗಿತ್ತು, ಇನ್ನೊಬ್ಬ ಮಗ ಆ ಗೋಡೆ ಹತ್ತಿದವರ ಜೊತೆಗಿದ್ದ. ರಾತ್ರಿ ಫೆರಾಂಟೆ ಅರಮನೆ ತಲುಪಿದ. ನಗರದಲ್ಲಿ ಲೂಟಿಯಿಂದ ಪಾರಾದ ಕೆಲವೇ ಮನೆಗಳಲ್ಲಿ ಅದೂ ಒಂದಾಯಿತು. ಒಳಗಿದ್ದವರು ಮಾತ್ರ ನಾಯಕರಿಗೆ ದೊಡ್ಡ ಮೊತ್ತದ ಒತ್ತೆಹಣ ತೆತ್ತೇ ಪ್ರಾಣ ಉಳಿಸಿಕೊಂಡರು.

ರೋಮಿನ ಸೂರೆಯನ್ನು ಧಾರ್ಮಿಕ ದುರಂತವಾಗಿ, ಕಲೆಯ ಯುಗವೊಂದರ ಮುಕ್ತಾಯವಾಗಿ ನೋಡುವುದು ನ್ಯಾಯವೇ. ಒಬ್ಬ ಯುವ ದಂಡನಾಯಕನ ಕಣ್ಣಿಗೆ ಅದು ಬೇರೊಂದು ಪಾಠವನ್ನೂ ಇಟ್ಟಿತ್ತು: ಸಂಬಳ ಸಿಗದ ದಂಡು ಯಾರ ಮಾತನ್ನೂ ಕೇಳುವುದಿಲ್ಲ. ಆ ಪಾಠವನ್ನು ಅವನು ಅರಗಿಸಿಕೊಂಡಿದ್ದ ಎಂಬುದಕ್ಕೆ ಫ್ಲಾರೆನ್ಸ್ ಸಾಕ್ಷಿ. ಗಣರಾಜ್ಯವಾಗಿ ಉಳಿಯಲು ಹೋರಾಡುತ್ತಿದ್ದ ಆ ನಗರವನ್ನು ದಂಡು ಹತ್ತು ತಿಂಗಳು ಮುತ್ತಿತ್ತು. 1530ರ ಆಗಸ್ಟ್ 3ರಂದು ಗವಿನಾನಾದಲ್ಲಿ ಸೇನಾಪತಿ ಆರೆಂಜ್ ರಾಜಕುಮಾರ ಫಿಲಿಬೆರ್ ಸತ್ತ. ದಂಡಿನ ಹೊಣೆ ಇಪ್ಪತ್ಮೂರರ ಫೆರಾಂಟೆಯ ಮೇಲೆ ಬಿತ್ತು. ಆಗಸ್ಟ್ 12ರ ಶರಣಾಗತಿ ಒಪ್ಪಂದವನ್ನು ಚಕ್ರವರ್ತಿಯ ಪರವಾಗಿ ಮಾಡಿಕೊಂಡವನು ಅವನೇ, ಪೋಪನ ಪರವಾಗಿ ಬಾಚೊ ವಲೋರಿ. ಅದರ ಮುಖ್ಯ ಷರತ್ತುಗಳಲ್ಲಿ ಒಂದು, ನಗರ ದಂಡಿಗೆ 80,000 ಸ್ಕೂದಿ ಕೊಡಬೇಕು ಎಂಬುದು. ಫ್ಲಾರೆನ್ಸಿನ ಸ್ವಾತಂತ್ರ್ಯ ಹೋಯಿತು, ನಗರದ ಹಳೆಯ ಒಡೆಯರಾದ ಮೆದಿಚಿ ಮನೆತನದವರು ಮರಳಿದರು, ಒಪ್ಪಂದದ ಕ್ಷಮಾದಾನದ ಮಾತನ್ನು ಗೆದ್ದವರು ಉಳಿಸಿಕೊಳ್ಳಲಿಲ್ಲ. ಅದನ್ನೆಲ್ಲ ಮರೆಯುವಂತಿಲ್ಲ. ಆದರೂ ರೋಮಿಗೆ ಆದದ್ದು ಫ್ಲಾರೆನ್ಸಿಗೆ ಆಗಲಿಲ್ಲ. ಎರಡು ನಗರಗಳ ಗತಿಯ ನಡುವಿನ ಈ ಅಂತರವನ್ನು ವಿವರಿಸುವಾಗ ಇತಿಹಾಸಕಾರರು ಒಪ್ಪಂದದ ರಾಜಕೀಯ ಕಲಮುಗಳಿಗೆ ಕೊಟ್ಟಷ್ಟು ಬೆಲೆಯನ್ನು ಆ ಮೊತ್ತಕ್ಕೆ ಕೊಟ್ಟಿಲ್ಲ ಎಂಬುದು ನನ್ನ ಆಕ್ಷೇಪ.

ಮುಂದಿನ ಮೆಟ್ಟಿಲುಗಳು ಬೇಗ ಬಂದವು. ಇಸಾಬೆಲ್ಲಾ ದಿ ಕಾಪುವಾಳನ್ನು ಮದುವೆಯಾಗಿ ದಕ್ಷಿಣ ಇಟಲಿಯ ಮೊಲ್ಫೆತ್ತಾ ಸಂಸ್ಥಾನ ಪಡೆದ. 1531ರಲ್ಲಿ ಗೋಲ್ಡನ್ ಫ್ಲೀಸ್ ಪದವಿ ಬಂತು. 1535ರಲ್ಲಿ ಟ್ಯೂನಿಸ್ ದಂಡಯಾತ್ರೆಯಿಂದ ಹಿಂತಿರುಗುತ್ತ ಸಿಸಿಲಿಯಲ್ಲಿ ತಂಗಿದ್ದ ಚಾರ್ಲ್ಸ್ ಅವನನ್ನು ಅಲ್ಲಿನ ವೈಸ್‌ರಾಯ್ ಆಗಿ ನೇಮಿಸಿದ.

ಸಿಸಿಲಿ ಆಗ ಆಟೊಮನ್ ನೌಕಾಬಲಕ್ಕೆ ಎದುರಾಗಿದ್ದ ಗಡಿ. ಬೆರ್ಗಮೊದ ಎಂಜಿನಿಯರ್ ಆಂತೋನಿಯೊ ಫೆರ್ರಮೊಲಿನೊನನ್ನು ಇಟ್ಟುಕೊಂಡು ಫೆರಾಂಟೆ ಪಲೆರ್ಮೊ, ಮೆಸ್ಸಿನಾ ಮತ್ತಿತರ ರೇವುಗಳಿಗೆ ಫಿರಂಗಿ ಕಾಲದ ಕೋಟೆ ಕೊತ್ತಲ ಕಟ್ಟಿಸಿದ. ಹಳೆಯ ಎತ್ತರದ ಗೋಡೆ ಫಿರಂಗಿ ಗುಂಡಿಗೆ ಉರುಳುತ್ತಿತ್ತು. ಅದರ ಜಾಗದಲ್ಲಿ ತಗ್ಗಾದ, ದಪ್ಪನೆಯ, ಮಣ್ಣು ತುಂಬಿದ ಗೋಡೆ. ಅದಕ್ಕೆ ಮೂಲೆಮೂಲೆಗೆ ಈಟಿಯ ಮೊನೆಯಂತೆ ಚಾಚಿಕೊಂಡ ಬುರುಜು. ಒಂದು ಬುರುಜಿನ ಫಿರಂಗಿ ಪಕ್ಕದ ಬುರುಜಿನ ಮೈಯನ್ನು ಕಾಯುತ್ತಿತ್ತು. ಮೆಸ್ಸಿನಾದ ಬೆಟ್ಟದ ಮೇಲಿನ ಕೋಟೆಗೆ ಇಂದಿಗೂ ಗೊಂಜಾಗನ ಹೆಸರೇ ಇದೆ. ಇಂಥ ಕೋಟೆ ಬಹಳ ಹಣ ತಿನ್ನುತ್ತದೆ. ಸಿಸಿಲಿಯ ಹಣವೆಂದರೆ ಧಾನ್ಯ ರಫ್ತಿನ ಪರವಾನಗಿಯಿಂದ ಬರುವ ಆದಾಯ, ಜೊತೆಗೆ ದ್ವೀಪದ ಪಾರ್ಲಿಮೆಂಟ್ ಮಂಜೂರು ಮಾಡುವ ಕಾಣಿಕೆ. ಜಮೀನ್ದಾರರ, ಪಾದ್ರಿಗಳ, ನಗರಗಳ ಪ್ರತಿನಿಧಿಗಳನ್ನು ಒಲಿಸಿ, ಬೆದರಿಸಿ, ಚೌಕಾಸಿ ಮಾಡಿ ಆ ಕಾಣಿಕೆ ಎತ್ತುವುದು ವೈಸ್‌ರಾಯನ ಕೆಲಸ. 1546ರಲ್ಲಿ ದ್ವೀಪ ಬಿಡುವಾಗ ಅವನು ಚಕ್ರವರ್ತಿಗೆ ಒಪ್ಪಿಸಿದ ಸಿಸಿಲಿಯ ಸ್ಥಿತಿಗತಿಯ ವರದಿ ಉಳಿದುಬಂದಿದೆ.

ಹಣ ಸಾಲದಾದಾಗ ಏನಾಗುತ್ತದೆಂಬುದು 1538ರಲ್ಲಿ ಮತ್ತೆ ಕಂಡಿತು. ಆ ವರ್ಷದ ಶರತ್ಕಾಲದಲ್ಲಿ ಫೆರಾಂಟೆ ಚಕ್ರವರ್ತಿಯ ನೌಕಾಧಿಪತಿ ಆಂದ್ರೆಯಾ ದೋರಿಯಾನ ಪಡೆಯೊಡನೆ, ಆಟೊಮನ್ನರ ವಿರುದ್ಧದ ಪ್ರೆವೆಝಾ ಕಾಳಗದಲ್ಲಿದ್ದ. ಇತ್ತ ಟ್ಯೂನಿಸ್ ಬಳಿಯ ಲಾ ಗೊಲೆತ್ತಾ ಕೋಟೆಯಲ್ಲಿ ಸಂಬಳ ಕಾಣದೆ ದಂಗೆಯೆದ್ದ ಸ್ಪೇನಿನ ಸೈನಿಕರು ಸಿಸಿಲಿಗೆ ಬಂದಿಳಿದು ಊರುಗಳನ್ನು ಸುಲಿದರು. ವೈಸ್‌ರಾಯ್ ಕ್ಷಮೆಯ ಮಾತು ಕೊಟ್ಟು ಅವರನ್ನು ತಣಿಸಿದ, ಆಮೇಲೆ ಮುಂದಾಳುಗಳನ್ನು ಹಿಡಿದು ಕೊಲ್ಲಿಸಿದ. ಸಮಕಾಲೀನರನ್ನು ಕೂಡ ಈ ಮಾತುಮುರುಕತನ ಬೆಚ್ಚಿಬೀಳಿಸಿತು. ನಾನಿದನ್ನು ಅವನ ವೃತ್ತಿಯ ಅತ್ಯಂತ ಕರಾಳ ಘಟನೆಯೆಂದು ಎಣಿಸುತ್ತೇನೆ. ಕೂಲಿ ಕೇಳಿದವರಿಗೆ ಕೊಡಬೇಕಾದ ಹಣ ಸಾಮ್ರಾಜ್ಯದ ಬಳಿ ಇರಲಿಲ್ಲ, ನೇಣುಹಗ್ಗವಿತ್ತು.

1543–44ರ ಫ್ರೆಂಚ್ ಯುದ್ಧವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಡ್ಯೂರೆನ್ ಮುತ್ತಿಗೆ, ಎಂಟನೆಯ ಹೆನ್ರಿಯೊಡನೆ ಯುದ್ಧಯೋಜನೆ ಕೂಡಿಸಲು ಲಂಡನ್ ಪ್ರಯಾಣ, ಸೇಂಟ್ ದಿಜಿಯೆ ಮುತ್ತಿಗೆ, ಕ್ರೆಪಿ ಸಂಧಿಯ ಮಾತುಕತೆ ಎಲ್ಲವುಗಳಲ್ಲಿ ಅವನಿದ್ದಾನೆ. ಆ ಯುದ್ಧದಿಂದ ಮರಳುವಾಗ ಮೊನ್ಸ್ ಊರಿನ, ಸುಮಾರು ಹನ್ನೆರಡು ವರ್ಷದ ಹಾಡುಗಾರ ಹುಡುಗನೊಬ್ಬನನ್ನು ಜೊತೆಗೆ ಇಟಲಿಗೆ ಕರೆತಂದ. ಓರ್ಲಾಂಡೊ ದಿ ಲಾಸ್ಸೊ ಎಂದು ಲೋಕ ಆಮೇಲೆ ಕೊಂಡಾಡಿದ ಸಂಗೀತಕಾರ ಅವನೇ. ಅದೇ ವರ್ಷಗಳಲ್ಲಿ ಬ್ರಸೆಲ್ಸಿನ ನೇಕಾರರಿಂದ ಫೆರಾಂಟೆ ನೇಯಿಸಿದ ಭಾರಿ ಚಿತ್ರಗಂಬಳಿಗಳ ಸರಣಿಯ ಹೆಸರು ‘ಫ್ರುಕ್ತುಸ್ ಬೆಲ್ಲಿ’, ಯುದ್ಧದ ಫಲಗಳು. ಗೆಲುವಿನ ಮೆರವಣಿಗೆಯ ಜೊತೆಗೆ ಯುದ್ಧ ತರುವ ದುರ್ಗತಿಯನ್ನೂ ಹೇಳುವ ವಸ್ತುವನ್ನು ಒಬ್ಬ ದಂಡನಾಯಕ ತನ್ನ ಗೋಡೆಗೆ ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

1546ರಲ್ಲಿ ಮಿಲಾನ್ ಬಂತು. ಇಟಲಿಯಲ್ಲಿ ಚಕ್ರವರ್ತಿಯ ಬಲಕ್ಕೆ ಅದೇ ಕೀಲಿ; ನೇಪಲ್ಸ್‌ನಿಂದಲೂ ಸ್ಪೇನಿನಿಂದಲೂ ಜರ್ಮನಿಗೆ ಹೋಗುವ ದಂಡು ಹಾಯುವ ದಾರಿ ಅದು. ಅದನ್ನು ಭದ್ರಪಡಿಸಬೇಕಾದರೆ ಸುತ್ತಲ ನೆಲವೂ ಕೈಯಲ್ಲಿರಬೇಕು ಎಂಬುದು ಫೆರಾಂಟೆಯ ದೃಢ ನಂಬಿಕೆ. ಪಿಯಾಚೆಂಝಾ, ಪಾರ್ಮಾ, ಜಿನೋವಾ, ಪಿಯೆಡ್‌ಮಾಂಟ್ ಒಂದೊಂದರ ಮೇಲೂ ಅವನ ಕಣ್ಣಿತ್ತು.

ಪಿಯಾಚೆಂಝಾ ಮೊದಲು ಸಿಕ್ಕಿತು. ಪೋಪ್ ಮೂರನೆಯ ಪಾಲ್‌ನ ಮಗ ಪಿಯೆರ್ ಲುಯಿಜಿ ಫಾರ್ನೇಸೆ ಅಲ್ಲಿನ ಡ್ಯೂಕ್. 1547ರ ಸೆಪ್ಟೆಂಬರ್ 10ರಂದು ಜೊವಾನ್ನಿ ಆಂಗ್ವಿಸೊಲಾ ಮತ್ತವನ ಜೊತೆಗಾರ ಶ್ರೀಮಂತರು ಡ್ಯೂಕನನ್ನು ಇರಿದು ಕೊಂದು, ಹೆಣವನ್ನು ಕಿಟಕಿಯಿಂದ ನೇತುಹಾಕಿ ಜನರಿಗೆ ತೋರಿಸಿದರು. ಎರಡೇ ದಿನದಲ್ಲಿ ಮಿಲಾನಿನ ದಂಡು ಒಳಹೊಕ್ಕಿತು. ಸಂಚಿನ ಸುದ್ದಿ ಫೆರಾಂಟೆಗೂ ಚಕ್ರವರ್ತಿಗೂ ಮೊದಲೇ ಗೊತ್ತಿತ್ತೆಂಬುದನ್ನು ಅವರ ಪತ್ರವ್ಯವಹಾರವೇ ಹೇಳುತ್ತದೆ. ಸತ್ತ ಡ್ಯೂಕನ ಮಗ ಒತ್ತಾವಿಯೊ ಚಕ್ರವರ್ತಿಯ ಮಗಳು ಮಾರ್ಗರೆಟ್‌ಳ ಗಂಡ. ಹೀಗಾಗಿ ಈ ಗೆಲುವು ಆಸ್ಥಾನದೊಳಗೇ ಫೆರಾಂಟೆಗೆ ವೈರ ಕಟ್ಟಿಕೊಟ್ಟಿತು. 1551ರಲ್ಲಿ ಒತ್ತಾವಿಯೊ ಫ್ರಾನ್ಸಿನ ಆಸರೆ ಹಿಡಿದು ಪಾರ್ಮಾದಲ್ಲಿ ನಿಂತ. ಫೆರಾಂಟೆ ಮುತ್ತಿಗೆ ಹಾಕಿದ. ಅಷ್ಟರಲ್ಲಿ ಪಿಯೆಡ್‌ಮಾಂಟಿನಲ್ಲಿ ಫ್ರೆಂಚ್ ಮಾರ್ಷಲ್ ಬ್ರಿಸಾಕ್ ಕಿಯೆರಿಯನ್ನು ಹಿಡಿದ. ಇದ್ದ ದಂಡನ್ನೇ ಎರಡೂ ಕಡೆಗೆ ಹಂಚಬೇಕಾಯಿತು. ಪಾರ್ಮಾ ಬೀಳಲಿಲ್ಲ.

ಈ ಎಲ್ಲದರ ವೆಚ್ಚ ಹೊತ್ತದ್ದು ಮಿಲಾನ್ ರಾಜ್ಯ. 1536ರಿಂದಲೇ ಅಲ್ಲಿ ದಂಡಿನ ಸಲುವಾಗಿ ತಿಂಗಳ ತೆರಿಗೆಯೊಂದಿತ್ತು. ಅದು ಸಾಲದಾದಾಗ ಬರಲಿರುವ ವರ್ಷಗಳ ಆದಾಯವನ್ನು ಅಡವಿಟ್ಟು ಸಾಲ ತಂದರು. ಜಿನೋವಾದಿಂದ ಬಂದು ಮಿಲಾನಿನಲ್ಲಿ ನೆಲೆಸಿದ ತೊಮ್ಮಾಸೊ ಮರೀನೊನಂಥ ಸಾಹುಕಾರರು ಬೊಕ್ಕಸಕ್ಕೆ ಸಾಲ ಕೊಟ್ಟು, ಉಪ್ಪಿನ ತೆರಿಗೆಯ ಗುತ್ತಿಗೆ ಹಿಡಿದು ಬೆಳೆದರು. ಅವನ ಅರಮನೆ ಇಂದು ಮಿಲಾನಿನ ನಗರಸಭೆ. ಸಾಲವೂ ಸಿಗದ ತಿಂಗಳು ಸೈನಿಕರನ್ನು ಹಳ್ಳಿಗಳಲ್ಲಿ ಬಿಡಾರ ಹೂಡಿಸುತ್ತಿದ್ದರು. ಹಾಸಿಗೆ, ಸೌದೆ, ಊಟ, ಕುದುರೆಗೆ ಹುಲ್ಲು ಎಲ್ಲವೂ ರೈತನ ತಲೆಯ ಮೇಲೆ. ಈ ಹೊರೆಯನ್ನು ನಗರಕ್ಕೂ ಹಳ್ಳಿಗೂ ಸರಿಯಾಗಿ ಹಂಚಲೆಂದು 1543ರಲ್ಲಿ ಆಸ್ತಿಗಳ ಹೊಸ ಅಂದಾಜು ಶುರುವಾಗಿತ್ತು. ನಗರದ ಶ್ರೀಮಂತರ ತಕರಾರಿನಿಂದ ಅದು ದಶಕಗಟ್ಟಲೆ ಎಳೆದಾಡಿತು. ಅದು ಬೇಗ ಮುಗಿದಿದ್ದರೆ ಮಿಲಾನಿನ ಗವರ್ನರುಗಳ ಚರಿತ್ರೆಯೇ ಬೇರೆಯಾಗುತ್ತಿತ್ತೆಂದು ನನಗನಿಸುತ್ತದೆ.

ಇದರ ನಡುವೆ, 1540ರ ದಶಕದ ಕೊನೆಯಲ್ಲಿ, ಎಂಜಿನಿಯರ್ ಒಲ್ಜಾತಿಯ ನಕ್ಷೆಯಂತೆ ಮಿಲಾನಿಗೆ ಸುಮಾರು ಹನ್ನೊಂದು ಕಿಲೊಮೀಟರ್ ಸುತ್ತಳತೆಯ ಹೊಸ ಕೋಟೆಗೋಡೆ ಏಳತೊಡಗಿತು. ಫೆರಾಂಟೆ 1547ರಲ್ಲಿ ಊರಾಚೆ ಒಂದು ತೋಟದ ಮನೆ ಕೊಂಡು, ವಾಸ್ತುಶಿಲ್ಪಿ ದೊಮೆನಿಕೊ ಜುಂಟಿಯಿಂದ ಅದನ್ನು ಭವ್ಯವಾಗಿ ಕಟ್ಟಿಸುತ್ತಿದ್ದ. 1539ರಲ್ಲಿ ಲುದೊವಿಕಾ ತೊರೆಲ್ಲಿಯಿಂದ ಕೊಂಡಿದ್ದ ಗ್ವಸ್ತಾಲ್ಲಾವನ್ನು ಹೊಸ ಕೋಟೆಪಟ್ಟಣವಾಗಿ ರೂಪಿಸಲು ಹಚ್ಚಿದ್ದೂ ಅದೇ ಜುಂಟಿಯನ್ನು. ರಾಜ್ಯದ ಕೆಲಸ, ಮನೆಯ ಕೆಲಸ ಎರಡೂ ಒಬ್ಬನ ಅಪ್ಪಣೆಯಲ್ಲಿ, ಒಂದೇ ಕಾಲದಲ್ಲಿ ನಡೆಯುವಾಗ ತೆರಿಗೆ ಕೊಡುವವನಿಗೆ ಅನುಮಾನ ಬರುವುದು ಸಹಜ. ಮಿಲಾನಿನ ಒಳಕೋಟೆಯ ಕಿಲ್ಲೆದಾರ ಹುವಾನ್ ದೆ ಲೂನಾನಂಥ ಸ್ಪೇನಿನ ಅಧಿಕಾರಿಗಳಿಗೆ ಇಟಾಲಿಯನ್ ಗವರ್ನರ್ ಮೊದಲೇ ಹಿಡಿಸುತ್ತಿರಲಿಲ್ಲ. ಯುದ್ಧ ಗೆಲ್ಲದ ವರ್ಷಗಳಲ್ಲಿ ಈ ಎರಡು ಬಗೆಯ ಅಸಮಾಧಾನ ಒಂದಾಗಿ ಬ್ರಸೆಲ್ಸ್ ಮುಟ್ಟಿತು.

ಆ ಕಾಲದಲ್ಲಿ ದಂಡನಾಯಕನ ಸ್ವಂತ ಜಾಮೀನಿನ ಮೇಲೆ ಸೈನ್ಯಕ್ಕೆ ಸಾಲ ಎತ್ತುವುದು, ಬಾಕಿಯ ಬದಲು ದೊರೆ ಜಹಗೀರು, ಇನಾಮು, ವರ್ಷಾಶನ ಕೊಡುವುದು ನಡೆದುಬಂದ ಪದ್ಧತಿ. ಎಲ್ಲಿ ಬೊಕ್ಕಸ ಮುಗಿದು ಎಲ್ಲಿ ಗವರ್ನರನ ತಿಜೋರಿ ಶುರುವಾಗುತ್ತದೆಂದು ಗೆರೆ ಎಳೆಯುವುದು ಇಂಥ ಪದ್ಧತಿಯಲ್ಲಿ ಯಾವ ವಿಚಾರಣಾಧಿಕಾರಿಗೂ ಸುಲಭವಲ್ಲ. ಆದ್ದರಿಂದ 1555ರ ಬಿಡುಗಡೆಯನ್ನು ಅವನ ಪ್ರಾಮಾಣಿಕತೆಯ ಪ್ರಮಾಣಪತ್ರವೆಂದು ಓದಬೇಕಿಲ್ಲ, ಹಳೆಯ ಸೇವಕನಿಗೆ ಚಕ್ರವರ್ತಿ ತೋರಿದ ಬರಿಯ ದಾಕ್ಷಿಣ್ಯವೆಂದೂ ಓದಬೇಕಿಲ್ಲ. ಅವನ ಜಾಗಕ್ಕೆ ವಿಪುಲ ಅಧಿಕಾರ ಪಡೆದು ಬಂದ ಆಲ್ಬಾ ಡ್ಯೂಕ್ ಕೂಡ ದಂಡಿಗೆ ಹಣವಿಲ್ಲವೆಂದೇ ಪತ್ರ ಬರೆದ. ಗವರ್ನರ್ ಬದಲಾದರೂ ತಿಜೋರಿಯ ಸ್ಥಿತಿ ಹಾಗೆಯೇ ಇತ್ತು.

ಫೆರಾಂಟೆ ಕೊನೆಯ ಸಲ ಯುದ್ಧಕ್ಕೆ ಹೋದದ್ದು ಚಾರ್ಲ್ಸನ ಮಗ ಎರಡನೆಯ ಫಿಲಿಪನ ಜೊತೆ, 1557ರ ಸೇಂಟ್ ಕ್ವೆಂಟಿನ್ ಸಮರಕ್ಕೆ. ಅಲ್ಲಿಂದ ಬಳಲಿ ಬಂದವನು ನವೆಂಬರ್ ನಡುವೆ ಬ್ರಸೆಲ್ಸಿನಲ್ಲಿ ತೀರಿಕೊಂಡ, ವಯಸ್ಸು ಐವತ್ತು. ದೇಹವನ್ನು ಮಾಂಟುವಾಕ್ಕೆ ಒಯ್ದರು, ಗ್ವಸ್ತಾಲ್ಲಾ ಚೆಸಾರೆಗೆ ಬಂತು. ಅದೇ ವರ್ಷದ ಬೇಸಿಗೆಯಲ್ಲಿ ಫಿಲಿಪ್ ತನಗೆ ಸಾಲ ಕೊಟ್ಟ ಸಾಹುಕಾರರಿಗೆ ಕೊಡಬೇಕಾದ ಹಣವನ್ನು ನಿಲ್ಲಿಸಿ, ಹಳೆಯ ಸಾಲಗಳನ್ನೆಲ್ಲ ಕಡಿಮೆ ಬಡ್ಡಿಯ ದೀರ್ಘಾವಧಿ ಪತ್ರಗಳಾಗಿ ಬದಲಿಸುವ ಆಜ್ಞೆ ಹೊರಡಿಸಿದ್ದ. ಫೆರಾಂಟೆಯಿಂದ ಲೆಕ್ಕ ಕೇಳಿದ ಎರಡೇ ವರ್ಷದಲ್ಲಿ ಫಿಲಿಪನ ಕಾಸ್ಟೀಲ್ ರಾಜ್ಯದ ಬೊಕ್ಕಸವೇ ತನ್ನ ಲೆಕ್ಕ ತೀರಿಸಲಾಗದೆ ಕೈಚೆಲ್ಲಿತ್ತು.